ಧಾರವಾಡದಿಂದ ದೇವಾಸಕ್ಕೆ: ಒಂದೇ ಹೆದ್ದಾರಿಯಲ್ಲಿ ಮನೆ ಬದಲು

ಅಂಕೋಲೆಯಿಂದ ಹೊರಡುವ 52ನೆಯ ರಾಷ್ಟ್ರೀಯ ಹೆದ್ದಾರಿ ಯಲ್ಲಾಪುರದ ಕಾಡು ಹತ್ತಿ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ, ಧುಳೆ, ಇಂದೂರುಗಳನ್ನು ಹಾದು, ರಾಜಸ್ಥಾನ ಮತ್ತು ಹರಿಯಾಣಗಳನ್ನು ದಾಟಿ ಪಂಜಾಬಿನ ಸಂಗರೂರಿನಲ್ಲಿ ಮುಗಿಯುತ್ತದೆ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಡುವವರೆಗೆ ಇದು ಒಂದು ರಸ್ತೆಯೇ ಆಗಿರಲಿಲ್ಲ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ 218, ಅಲ್ಲಿಂದ ಸೊಲ್ಲಾಪುರಕ್ಕೆ 13, ಸೊಲ್ಲಾಪುರದಿಂದ ಧುಳೆಗೆ 211, ಅಲ್ಲಿಂದ ಮುಂದೆ ಮುಂಬೈ–ಆಗ್ರಾ ರಸ್ತೆಯಾದ 3 ಎಂಬ ಲೆಕ್ಕವಿತ್ತು. ಬ್ಯಾಂಕಿನಲ್ಲಿ ಬಡ್ತಿಯ ಜೊತೆಗೆ ಮಧ್ಯಪ್ರದೇಶದ ದೇವಾಸಕ್ಕೆ ನನ್ನ ವರ್ಗಾವಣೆಯ ಆದೇಶ ಬಂದ ಸಂಜೆ ನಮ್ಮ ಯಜಮಾನರು ಭೂಪಟ ಹರಡಿ ಕುಳಿತು, ಹುಬ್ಬಳ್ಳಿಯ ಹೊರವಲಯದಲ್ಲಿ ನಾವು ದಿನವೂ ನೋಡುತ್ತಿದ್ದ ಅದೇ ಹೆದ್ದಾರಿ ದೇವಾಸದ ಪಕ್ಕದಲ್ಲೇ ಹೋಗುತ್ತದೆಂದು ತೋರಿಸಿದರು. ವಿಮಾನದ ಮಾತು ಆ ಕ್ಷಣಕ್ಕೆ ಮುಗಿಯಿತು.

ಇವರು ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆಗಳ ನಕ್ಷೆ ಬರೆದು ನಿವೃತ್ತರಾದವರು. ಮದುವೆಯಾದ ಹೊಸತರಲ್ಲಿ ಸ್ಕೂಟರಿನ ಮೇಲೆ ಅಂಕೋಲೆಗೆ ಹೋದಾಗಲೂ ಪ್ರತಿ ಸೇತುವೆಯ ಬಳಿ ನಿಂತು, ಕೆಳಗಿಳಿದು ಕಂಬಗಳನ್ನು ನೋಡಿ ಬರುತ್ತಿದ್ದರು. ಆ ಅಭ್ಯಾಸ ಇಂದಿಗೂ ಹೋಗಿಲ್ಲ. ಹಾಗಾಗಿ ನಮ್ಮ ಪ್ರವಾಸಗಳೆಲ್ಲ ಊರುಗಳಿಗಿಂತ ಹೆಚ್ಚಾಗಿ ನದಿಗಳ ಲೆಕ್ಕದಲ್ಲಿ ನೆನಪಿನಲ್ಲಿವೆ. ಈ ಸಲ ಮಾತ್ರ ಹಿಂದಿರುಗುವ ದಿನವಿರಲಿಲ್ಲ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲವಾದರೂ ಪಾತ್ರೆಪಗಡೆಗಳ ಪೂರ್ತಿ ಪಟ್ಟಿ ಬರೆದು ಸಹಿ ಮಾಡಿ ಲಾರಿಯವರಿಗೆ ಕೊಟ್ಟೆವು. ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರ್ ಹಿಂದಿರುಗಿಸಿ ಚೀಟಿ ಪಡೆದೆವು. ಕಾರಿಗೆ ಧಾರವಾಡದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತೆಗೆಸಿದೆವು. ಲಾರಿಗೆ ಒಪ್ಪಿಸಲು ಮನಸ್ಸಾಗದ ಎರಡು ವಸ್ತುಗಳು ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ ಬಂದವು: ಮಾವನವರು ಮೀರಜಿನಿಂದ ತಂದಿದ್ದ ತಂಬೂರಿ ಮತ್ತು ತುಳಸಿಯ ಕುಂಡ. ತಂಬೂರಿಯ ಬುರುಡೆ ಒಮ್ಮೆ ಬಿರುಕು ಬಿಟ್ಟರೆ ಸರಿಮಾಡುವವರು ವಿರಳ. ತುಳಸಿಯ ಮದುವೆ ಮುಗಿಯದೆ ಮನೆ ಬಿಡಬಾರದೆಂದು ಅತ್ತೆಯವರು ಹೇಳಿದ್ದರಿಂದ ದ್ವಾದಶಿ ಕಳೆದ ಮೇಲಿನ ಭಾನುವಾರ ಹೊರಟೆವು.

ಭಾನುವಾರ: ಧಾರವಾಡ – ವಿಜಯಪುರ

ನವಲಗುಂದ ದಾಟುವ ಹೊತ್ತಿಗೆ ಬಯಲು ಎರಡೂ ಕಡೆ ಕಪ್ಪಾಗಿ ತೆರೆದುಕೊಂಡಿತ್ತು. ಎರಿ ಹೊಲಗಳಲ್ಲಿ ಕಡಲೆ ಮತ್ತು ಕುಸುಬೆ ಮೊಳಕೆಯೊಡೆದಿದ್ದವು, ಬಿಳಿಜೋಳ ಗೇಣೆತ್ತರ ಬಂದಿತ್ತು. 1980ರಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಹೋರಾಟ ನಾಡಿನ ರಾಜಕಾರಣವನ್ನೇ ಅಲುಗಾಡಿಸಿದ ನವಲಗುಂದ–ನರಗುಂದಗಳ ನಡುವಿನ ಈ ಹಾದಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಳೆಸಾಲದ ಅರ್ಜಿಗಳನ್ನು ಹಿಡಿದು ಹಳ್ಳಿಹಳ್ಳಿ ತಿರುಗಿದ್ದೇನೆ. ಕೊಣ್ಣೂರಿನ ಬಳಿ ಮಲಪ್ರಭೆ, ಅನಗವಾಡಿಯಲ್ಲಿ ಘಟಪ್ರಭೆ, ಕೊಲ್ಹಾರದಲ್ಲಿ ಕೃಷ್ಣೆ ಸಿಕ್ಕವು. ಕೊಲ್ಹಾರದ ಉದ್ದನೆಯ ಸೇತುವೆಯ ಕೆಳಗಿರುವುದು ಹರಿಯುವ ನದಿಯಲ್ಲ, ಆಲಮಟ್ಟಿಯ ಹಿನ್ನೀರು. ಹಳೆಯ ಕೊಲ್ಹಾರ ಆ ನೀರಿನಡಿ ಮುಳುಗಿ, ಊರಿಗೆ ಊರೇ ಎತ್ತರದ ಜಾಗಕ್ಕೆ ಬಂದು ನೆಲೆಸಿದೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರದ ಮೊಸರಿನ ಹೆಸರು ಮಾತ್ರ ಆ ಮುಳುಗಡೆಯನ್ನು ಗೆದ್ದು ಉಳಿದಿದೆ. ರಸ್ತೆಯ ಬದಿಯಲ್ಲಿ ಮೊಸರು ಮಾರುತ್ತಿದ್ದ ಅಜ್ಜಿ ಕಾರಿನೊಳಗಿನ ತುಳಸಿಯನ್ನು ನೋಡಿ, "ಎಲ್ಲಿಗಿ ಹೊಂಟೀರಿ ತಂಗಿ, ಮನಿ ತಗೊಂಡು?" ಎಂದು ಕೇಳಿದಳು. ನರ್ಮದೆಯ ಆಚೆ ಎಂದೆ. "ನಮ್ಮೂರು ಒಂದ ಮೈಲಿ ಸರದದ್ದಕ್ಕ ನಾ ವರ್ಷಗಟ್ಟಲೆ ಅತ್ತೀನಿ, ನೀ ಅಷ್ಟ ದೂರ ಹೊಂಟೀದಿ" ಎಂದವಳು ಒಂದು ಸಣ್ಣ ಗಡಿಗೆಯನ್ನು ಹೆಚ್ಚಿಗೆ ಕೊಟ್ಟಳು, ದುಡ್ಡು ಬೇಡವೆಂದಳು.

ವಿಜಯಪುರದಲ್ಲಿ ಹೊತ್ತು ಮುಳುಗುವ ಮೊದಲು ಗೋಳಗುಮ್ಮಟವನ್ನು ಹೊರಗಿನಿಂದ ನೋಡಿದೆವು. ಮುಂದಿನ ಪಯಣಕ್ಕೆ ನನಗೆ ಮುಖ್ಯವಾಗಿ ಕಂಡದ್ದು ಅದರ ಕಲ್ಲು. ಬಾಗಲಕೋಟೆಯವರೆಗೆ ಕೆಂಪು ಮರಳುಗಲ್ಲು, ಸುಣ್ಣಗಲ್ಲುಗಳ ನಾಡು. ವಿಜಯಪುರದಿಂದ ಮುಂದೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಪ್ಪು ಶಿಲೆ. ಅದೇ ಶಿಲೆ ಮಹಾರಾಷ್ಟ್ರವನ್ನು ಹಾದು ಮಾಳವದವರೆಗೆ ಹಬ್ಬಿದೆ. ಗುಮ್ಮಟ ನಿಂತಿರುವ ಕಲ್ಲು, ಮುಂದೆ ವೇರೂಳದಲ್ಲಿ (ಎಲ್ಲೋರಾ) ನೋಡಲಿದ್ದ ಕೈಲಾಸ ದೇವಾಲಯವನ್ನು ಕಡೆದ ಕಲ್ಲು, ದೇವಾಸದ ಗುಡ್ಡದ ಕಲ್ಲು ಒಂದೇ ಜಾತಿಯವು. ರಾಜ್ಯದ ಗಡಿಗಳು ಎರಡು ಬರಲಿದ್ದವು, ಆದರೆ ನೆಲ ಬದಲಾಗುವುದಿಲ್ಲವೆಂಬ ಈ ತಿಳಿವಳಿಕೆ ಆ ರಾತ್ರಿ ನನಗೆ ದೊಡ್ಡ ಆಸರೆಯಾಯಿತು.

ಸೋಮವಾರ: ವಿಜಯಪುರ – ತುಳಜಾಪುರ

ಧೂಳಖೇಡದಲ್ಲಿ ಭೀಮೆಯನ್ನು ದಾಟಿದರೆ ಮಹಾರಾಷ್ಟ್ರ. ಸೇತುವೆಯ ಈಚೆಗೂ ಆಚೆಗೂ ಕಬ್ಬು ಒಂದೇ, ಮಾತೂ ಬಹುಮಟ್ಟಿಗೆ ಒಂದೇ. ಬೋರ್ಡುಗಳ ಲಿಪಿ ಬದಲಾದರೂ ಸೊಲ್ಲಾಪುರದ ಪೇಟೆಯಲ್ಲಿ ನಾವು ಮರಾಠಿಗೆ ನಾಲಿಗೆ ತಿರುಗಿಸುವ ಮೊದಲೇ ಅಂಗಡಿಯವರು ಕನ್ನಡದಲ್ಲಿ ಮಾತನಾಡಿಸಿದರು. ಸೊನ್ನಲಿಗೆಯ ಸಿದ್ಧರಾಮನ ಗುಡಿ ಕೆರೆಯ ನೀರಿನ ನಡುವೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟೆಗಳನ್ನು ಕಟ್ಟಿಸುತ್ತ ಕಾಯಕವನ್ನೇ ಯೋಗವಾಗಿಸಿಕೊಂಡಿದ್ದ ಸಿದ್ಧರಾಮ ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಶರಣರ ಜೊತೆ ಸೇರಿ, ಕೊನೆಗೆ ಹಿಂದಿರುಗಿ ಬಂದು ಇಲ್ಲಿಯೇ ಐಕ್ಯನಾದ. ಗುಡಿಯ ಆವರಣದಲ್ಲಿ ಒಬ್ಬ ತಾಯಿ ಮಗುವಿಗೆ ಕನ್ನಡದಲ್ಲಿ ಗದರಿಸಿ ಮರಾಠಿಯಲ್ಲಿ ಮುದ್ದು ಮಾಡುತ್ತಿದ್ದಳು. ಇಂಥ ಊರಿನ ಮಕ್ಕಳಿಗೆ ಎರಡು ಭಾಷೆ ಕಲಿಯುವುದು ಹೊರೆಯಲ್ಲ. ಗಡಿಯನ್ನು ಜಗಳದ ವಿಷಯವಾಗಿ ಮಾತ್ರ ನೋಡುವವರು ಇಲ್ಲಿ ಒಂದು ದಿನ ಇದ್ದು ಹೋಗಬೇಕೆಂದು ನನಗೆ ಅನಿಸುತ್ತದೆ.

ಶೇಂಗಾ ಚಟ್ನಿ, ಕಡಕ್ ಭಾಕರಿ ಕಟ್ಟಿಸಿಕೊಂಡು ಸಂಜೆಗೆ ತುಳಜಾಪುರ ಸೇರಿದೆವು. ಬಾಲಾಘಾಟ ಬೆಟ್ಟಗಳ ಮಡಿಲಲ್ಲಿರುವ ಭವಾನಿಯ ಗುಡಿಗೆ ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತ ಹೋಗಬೇಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಈಕೆ ಕುಲದೇವತೆ. ಶಿವಾಜಿಯ ಮನೆತನಕ್ಕೂ ಈಕೆಯೇ. ಮರುದಿನ ಮಂಗಳವಾರವಾದ್ದರಿಂದ ದೇವಿಯ ವಾರದ ಜನಸಂದಣಿ ರಾತ್ರಿಯೇ ಸೇರತೊಡಗಿತ್ತು. ಕವಡೆಯ ಸರ ಹಾಕಿಕೊಂಡ ಗೊಂದಲಿಗರು ಸಂಬಳ ಎಂಬ ಜೋಡಿ ಚರ್ಮವಾದ್ಯ ಬಾರಿಸುತ್ತ ಹಾಡುತ್ತಿದ್ದರು. ಎಡೆ ಒಪ್ಪಿಸಿದ ಮೇಲೆ ಪೂಜಾರಿ ಯಾವ ಊರಿಗೆ ಹೋಗುವವರೆಂದು ವಿಚಾರಿಸಿದರು. ದೇವಾಸವೆಂದಾಗ ಅವರ ಮುಖ ಅರಳಿತು. ಅಲ್ಲಿನ ಗುಡ್ಡದ ಮೇಲೆಯೂ ತುಳಜಾ ಭವಾನಿ ಇದ್ದಾಳೆ, ಪವಾರ ಸರದಾರರ ನಾಡು ಅದು ಎಂದರು. ಹದಿನೆಂಟನೆಯ ಶತಮಾನದಲ್ಲಿ ಮರಾಠರ ದಂಡು ಮಾಳವಕ್ಕೆ ಹೋದಾಗ ತುಕೋಜಿ ಮತ್ತು ಜಿವಾಜಿ ಎಂಬ ಅಣ್ಣತಮ್ಮಂದಿರು ದೇವಾಸವನ್ನು ಹಂಚಿಕೊಂಡು ಎರಡು ಸಂಸ್ಥಾನಗಳನ್ನು ಕಟ್ಟಿದ ಚರಿತ್ರೆಯನ್ನು ಇವರು ಮೊದಲೇ ಓದಿಕೊಂಡಿದ್ದರು. ನಮ್ಮ ಮನೆದೇವರು ನಮಗಿಂತ ಮೊದಲೇ ಅಲ್ಲಿ ನೆಲೆಸಿರುವಳೆಂಬ ಮಾತು ಕೇಳಿ ಅತ್ತೆಯವರಿಗೆ ಆಗಲೇ ಫೋನು ಮಾಡಿದೆ. ಹೊರಟಾಗಿನಿಂದ ಅವರ ದನಿಯಲ್ಲಿದ್ದ ಆತಂಕ ಆ ಹೊತ್ತಿಗೆ ಇಳಿಯಿತು.

ಮಂಗಳವಾರ: ತುಳಜಾಪುರ – ಛತ್ರಪತಿ ಸಂಭಾಜಿನಗರ

ಹಿಂದೆ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದವರೆಗಿನ ಈ ದಿನದ್ದೇ ಅತ್ಯಂತ ಉದ್ದದ ಹಾದಿ, ಸುಮಾರು 260 ಕಿಲೋಮೀಟರ್. ಧಾರಾಶಿವ (ಹಿಂದಿನ ಉಸ್ಮಾನಾಬಾದ್) ದಾಟಿ, ಮಾಂಜರಸುಂಬಾ ಘಾಟ್ ಇಳಿದರೆ ಬೀಡ. ಬೀಡದಿಂದ ಮುಂದೆ ಗೇವರಾಯಿಯ ಸಮೀಪ ಚಹಾ ಕುಡಿಯಲು ನಿಂತ ಕಡೆ ಎದುರಿನಿಂದ, ಅಂದರೆ ನಾವು ಬಿಟ್ಟು ಬಂದ ದಿಕ್ಕಿಗೆ ಮುಖ ಮಾಡಿ, ಒಂದರ ಹಿಂದೊಂದು ಲಾರಿ ಮತ್ತು ಟ್ರ್ಯಾಕ್ಟರುಗಳು ಬಂದು ನಿಂತವು. ತುಂಬ ಜನ. ಅವರ ನಡುವೆ ಹಿಟ್ಟಿನ ಚೀಲ, ಒಲೆಯ ಕಲ್ಲು, ಕೊಡ, ಹಾಸಿಗೆ, ಕೋಳಿ, ಎರಡು ಮೇಕೆ, ಒಂದು ಹಸುಗೂಸು. ಕಬ್ಬು ಕಡಿಯಲು ಹೊರಟವರು ಅವರು. ದೀಪಾವಳಿ ಮುಗಿಯುತ್ತಲೇ ಬೀಡ ಜಿಲ್ಲೆಯಿಂದ ಲಕ್ಷಾಂತರ ಜನ ಪಶ್ಚಿಮ ಮಹಾರಾಷ್ಟ್ರದ ಮತ್ತು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಪ್ರದೇಶಕ್ಕೆ ಹೋಗಿ, ನಾಲ್ಕೈದು ತಿಂಗಳು ಹೊಲದ ಬದಿಯ ಗುಡಿಸಲುಗಳಲ್ಲಿ ಇದ್ದು, ಯುಗಾದಿಯ ಆಸುಪಾಸಿಗೆ ಹಿಂದಿರುಗುತ್ತಾರೆ. ಮುಕಾದಮ ಎಂಬ ಮೇಸ್ತ್ರಿ ಮುಂಗಡ ಹಣ ಕೊಟ್ಟು ಕರೆದೊಯ್ಯುತ್ತಾನೆ. ಅವನ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕತ್ತಿ. ಜೋಡಿಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಕೂಲಿಯೂ ಬೀಳುತ್ತದೆ, ಮುಂಗಡದ ಸಾಲ ಮುಂದಿನ ವರ್ಷಕ್ಕೆ ಉರುಳುತ್ತದೆ.

ಕೂಸನ್ನು ಎತ್ತಿಕೊಂಡಿದ್ದ ಹೆಂಗಸು ನಮ್ಮ ಮಾತು ಕೇಳಿ ಹತ್ತಿರ ಬಂದು, "ಕರ್ನಾಟಕದಾವ್ರೇನ್ರಿ?" ಎಂದಳು. ಮುಧೋಳದ ಕಡೆ ವರ್ಷ ವರ್ಷ ಹೋಗಿ ಕಲಿತ ಕನ್ನಡ ಅದು. ಅವಳಿಗೆ ಕೃಷ್ಣೆಯ ಬದಿಯ ಹಳ್ಳಿಗಳ ಹೆಸರು ನನಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಊರಿನ ಬಾವಿಯ ನೀರು ಸಿಹಿ, ಯಾವ ಊರಿನ ಶಾಲೆಯಲ್ಲಿ ಮಕ್ಕಳನ್ನು ನಡುವರ್ಷದಲ್ಲಿ ಸೇರಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಹೇಳಿದಳು. ನಾವು ಮನೆ ಬದಲಿಸಿ ಹೋಗುತ್ತಿದ್ದೇವೆಂದು ತಿಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಮನೆ ಸಿಕ್ಕಿದೆಯೇ ಎಂಬುದು. ಸಿಕ್ಕಿದೆ, ಬ್ಯಾಂಕಿನವರೇ ಬಾಡಿಗೆಗೆ ಹಿಡಿದು ಕೊಟ್ಟಿದ್ದಾರೆ ಎಂದೆ. "ಹಂಗಾರ ಚಿಂತಿ ಇಲ್ಲ ಬಿಡ್ರಿ" ಎಂದು ಅವಳು ನನಗೇ ಸಮಾಧಾನ ಹೇಳಿದಳು. ಗಂಡ ಹೆಂಡತಿ ಜೊತೆಯಾಗಿ ಊರು ಬಿಟ್ಟು ಹೋಗುವುದು ಈ ರಸ್ತೆಯಲ್ಲಿ ವಿಶೇಷವೇನೂ ಅಲ್ಲ. ನಮಗೆ ಬಡ್ತಿಯಿಂದ, ಅವರಿಗೆ ಮಳೆಯ ಕೊರತೆಯಿಂದ ಬಂದ ಪಯಣ. ಈ ಅಂತರವನ್ನು ಮರೆತು ಬರೆದರೆ ಈ ಕಥನ ಸುಳ್ಳಾಗುತ್ತದೆ. ಬ್ಯಾಂಕಿನ ಕೆಲಸದಲ್ಲಿರುವ ನನಗೆ ಮುಂಗಡದ ಬಡ್ಡಿಯ ಲೆಕ್ಕ ಅರ್ಥವಾಗುತ್ತದೆ, ಆ ಲೆಕ್ಕ ಯಾವ ಶಾಖೆಯ ಪುಸ್ತಕದಲ್ಲೂ ಇರುವುದಿಲ್ಲವೆಂಬುದೂ ಗೊತ್ತಿದೆ. ಕೊಲ್ಹಾರದ ಗಡಿಗೆಯಲ್ಲಿ ಉಳಿದಿದ್ದ ಮೊಸರನ್ನು ಅವಳ ಮಕ್ಕಳಿಗೆ ಕೊಟ್ಟೆ.

ಶಹಾಗಡದ ಬಳಿ ಗೋದಾವರಿ. ಇವರು ಕಾರನ್ನು ಸೇತುವೆ ದಾಟಿಸಿ ನಿಲ್ಲಿಸಿ, ಹಿಂದಕ್ಕೆ ನಡೆದು ಬಂದರು. ಮೇಲ್ಭಾಗದ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟು ಇರುವುದರಿಂದ ಇಲ್ಲಿ ನೀರಿನ ಹರಿವು ಅಣೆಕಟ್ಟಿನ ಬಾಗಿಲನ್ನು ಅವಲಂಬಿಸಿದೆ. ಆ ದಿನ ಅಗಲವಾದ ಪಾತ್ರದ ಒಂದು ಪಾಲಿನಲ್ಲಿ ಮಾತ್ರ ನೀರಿತ್ತು. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ್ದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಬಾಯಿಪಾಠದ ಆ ಎಲ್ಲೆ ಇಲ್ಲಿ ಟ್ರಕ್ಕುಗಳು ಓಡಾಡುವ ಸಿಮೆಂಟಿನ ಸೇತುವೆಯಾಗಿ ಕಾಲಡಿಗೆ ಬಂದಾಗ, ಆ ಕವಿ ನಕ್ಷೆಯಿಲ್ಲದ ಕಾಲದಲ್ಲಿ ಎಷ್ಟು ದೊಡ್ಡ ನೆಲವನ್ನು ಮನಸ್ಸಿನಲ್ಲಿ ಹಿಡಿದಿದ್ದನೆಂಬುದು ಮೊದಲ ಸಲ ತಿಳಿಯಿತು. ಇವರು ತಂಬಿಗೆಯಲ್ಲಿ ನೀರು ತಂದು ತುಳಸಿಗೆ ಹಾಕಿದರು.

ಬುಧವಾರ: ವೇರೂಳ

ವೇರೂಳದ ಗುಹೆಗಳು ಮಂಗಳವಾರ ಮುಚ್ಚಿರುವುದರಿಂದಲೇ ನಮ್ಮ ದಿನಗಳನ್ನು ಹೀಗೆ ಹೊಂದಿಸಿಕೊಂಡಿದ್ದೆವು. ಬೌದ್ಧ, ವೈದಿಕ, ಜೈನ ಹೀಗೆ ಮೂರು ಧರ್ಮಗಳ 34 ಗುಹೆಗಳಲ್ಲಿ ನಾವು ದಿನದ ಬಹುಪಾಲನ್ನು 16ನೆಯದಕ್ಕೇ ಕೊಟ್ಟೆವು. ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕಡೆಯಿಸಿದ ಕೈಲಾಸ ದೇವಾಲಯ ಅದು. ಕಟ್ಟಡವೆಂದರೆ ಕೆಳಗಿನಿಂದ ಮೇಲೇರುವುದು. ಇದು ಬೆಟ್ಟದ ನೆತ್ತಿಯಿಂದ ಕೆಳಗಿಳಿದದ್ದು. ಶಿಖರವನ್ನು ಮೊದಲು, ತಳಪಾಯದ ಆನೆಗಳನ್ನು ಕೊನೆಗೆ ಕಡೆದಿದ್ದಾರೆ. ಒಂದು ಉಳಿಯ ಪೆಟ್ಟು ತಪ್ಪಿದರೂ ಕಲ್ಲನ್ನು ಮತ್ತೆ ಸೇರಿಸುವಂತಿಲ್ಲ. ನಕ್ಷೆ ಬರೆದೇ ಬದುಕಿದ ಇವರು ಅಂಗಳದ ಮೂಲೆಯಲ್ಲಿ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಇದನ್ನ ಬರದವನ ಕೈಯಾಗ ರಬ್ಬರ ಇರಲಿಲ್ಲ" ಎಂದರು.

ಕೈಲಾಸದ ವಿನ್ಯಾಸಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಮಾದರಿಯೆಂದು ಕಲಾಚರಿತ್ರೆಯ ವಿದ್ವಾಂಸರು ಹೇಳುತ್ತಾರೆ. ಮುಂದೆ ನಂದಿಮಂಟಪ, ನಡುವೆ ಸಭಾಮಂಟಪ, ಹಿಂದೆ ದ್ರಾವಿಡ ಶಿಖರ; ರಾವಣನು ಕೈಲಾಸವನ್ನು ಅಲುಗಿಸುವ ಶಿಲ್ಪವಂತೂ ಎರಡೂ ಕಡೆ ಇದೆ. ವಿರೂಪಾಕ್ಷವನ್ನು ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ತನ್ನ ಪತಿ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ, ಮತ್ತು ಅದಕ್ಕೆ ಕಂಚಿಯ ಕೈಲಾಸನಾಥ ಮಾದರಿ. ಹೀಗೆ ಒಂದು ದೇವಾಲಯದ ಕಲ್ಪನೆ ಪಾಲಾರಿನ ಬಯಲಿನಿಂದ ಮಲಪ್ರಭೆಗೆ, ಮಲಪ್ರಭೆಯಿಂದ ಗೋದಾವರಿಯ ಉತ್ತರಕ್ಕೆ ನಡೆದು ಬಂದಿದೆ. ಭಾನುವಾರ ಕುಳಗೇರಿ ಕ್ರಾಸಿನಲ್ಲಿ ಪಟ್ಟದಕಲ್ಲಿನ ಬೋರ್ಡನ್ನು ನೋಡಿಯೂ ನಾವು ಮುಂದೆ ಸಾಗಿದ್ದೆವು, ಅಲ್ಲಿಗೆ ಹಲವು ಸಲ ಹೋಗಿದ್ದೇವಲ್ಲ ಎಂದು. ಅದೇ ಗುಡಿ ಇಲ್ಲಿ ಎರಡು ಪಟ್ಟು ದೊಡ್ಡದಾಗಿ, ಕಪ್ಪು ಕಲ್ಲಿನಲ್ಲಿ ನಿಂತಿತ್ತು. ಇದನ್ನು ಕಡೆಸಿದ ವಂಶವೂ ಒಂದೇ ಕಡೆ ನಿಂತದ್ದಲ್ಲ. ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು, ಅಂದರೆ ಇಂದಿನ ಲಾತೂರಿನವರೆಂದು ಕರೆದುಕೊಂಡ ರಾಷ್ಟ್ರಕೂಟರು ಈ ಭಾಗದಲ್ಲಿ ಬಲಿತು, ಅಮೋಘವರ್ಷನ ಕಾಲಕ್ಕೆ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಜಧಾನಿ ಹೂಡಿದರು.

ದೇವಗಿರಿಯ ಕೋಟೆಯನ್ನು ಹಿಂದಿರುಗುವಾಗ ರಸ್ತೆಯಿಂದಲೇ ನೋಡಿದೆವು, ಹತ್ತಲು ಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯ ಜನರನ್ನು ಇಲ್ಲಿಗೆ ಸಾಗಿಸಿ, ಕೆಲವು ವರ್ಷಗಳಲ್ಲಿ ಮತ್ತೆ ಹಿಂದಕ್ಕೆ ಕಳಿಸಿದ. ಆಜ್ಞೆಯಿಂದ ಆದ ಆ ವಲಸೆಯಲ್ಲಿ ದಾರಿಯಲ್ಲೇ ಸತ್ತವರು ಎಷ್ಟೋ ಮಂದಿ.

ಗುರುವಾರ: ಸಂಭಾಜಿನಗರ – ಧುಳೆ

ಹಾದಿಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕು ಕೇಂದ್ರವೇ ಇದೆ. ಅದನ್ನು ದಾಟಿದ ಮೇಲೆ ಔಟ್ರಮ್ ಘಾಟ್. ಮರಾಠವಾಡದ ಪ್ರಸ್ಥಭೂಮಿ ಇಲ್ಲಿ ಒಮ್ಮೆಲೇ ಕಡಿದು, ಕೆಳಗೆ ಖಾನದೇಶದ ಬಯಲು ಹರಡಿಕೊಳ್ಳುತ್ತದೆ. ಚಾಳೀಸಗಾವ್ ದಾಟಿ ಗಿರಣಾ ನದಿಯ ಮೇಲೆ ಹಾದು ಮಧ್ಯಾಹ್ನಕ್ಕೆ ಧುಳೆ ಸೇರಿದೆವು. ಹತ್ತಿ ಬಿಡಿಸುವ ಕಾಲವಾದ್ದರಿಂದ ಟ್ರ್ಯಾಕ್ಟರುಗಳಿಂದ ಉದುರಿದ ಅರಳೆ ರಸ್ತೆಯ ಎರಡೂ ಅಂಚಿಗೆ ಬಿದ್ದಿತ್ತು.

ಈ ದಿನದ ಬಗ್ಗೆ ಹೇಳಬೇಕಾದದ್ದು ಊಟ. ಸುಟ್ಟ ಬದನೆಕಾಯಿಯ ಭರೀತ, ಅದರ ಜೊತೆಗೆ ಜೋಳಕ್ಕೆ ಉದ್ದು ಸೇರಿಸಿ ಬೀಸಿದ ಹಿಟ್ಟಿನ ಕಳಣ್ಯಾಚಿ ಭಾಕರಿ. ಖಾನಾವಳಿಯ ಯಜಮಾನಿ ಒಲೆಯ ಮುಂದೆ ಕುಳಿತು ತಟ್ಟುತ್ತಿದ್ದ ರೀತಿ ನಮ್ಮದೇ. ಹಂಚಿನ ಮೇಲೆ ನೀರು ಸವರುವ ಕೈ ಬೀಸೂ ನಮ್ಮದೇ. ಧಾರವಾಡದಿಂದ ಇಲ್ಲಿಯವರೆಗೆ ಪ್ರತಿದಿನ ರೊಟ್ಟಿಯನ್ನೇ ಉಂಡಿದ್ದೆವು. ಅದು ದಪ್ಪವಾಯಿತು, ತೆಳುವಾಯಿತು, ಹೆಸರು ಬದಲಿಸಿತು, ಆದರೆ ಜೋಳ ಬಿಡಲಿಲ್ಲ. ಮುಂದೆ ಗೋಧಿಯ ನಾಡು ಬರುತ್ತದೆಂದು ಆಕೆಯೇ ಎಚ್ಚರಿಸಿ, ಎರಡು ಕಿಲೋ ಕಳಣ್ಯಾ ಹಿಟ್ಟನ್ನು ಕಟ್ಟಿಕೊಟ್ಟಳು.

ಶುಕ್ರವಾರ: ಧುಳೆ – ಮಹೇಶ್ವರ

ಶಿರಪುರದ ಮುನ್ನ ತಾಪಿಯನ್ನು ದಾಟಿ, ಸಾತ್ಪುಡಾ ಬೆಟ್ಟಗಳ ಬಿಜಾಸನ ಘಾಟ್ ಹತ್ತಿದೆವು. ಬಿಜಾಸನ ಮಾತೆಯ ಗುಡಿಯ ಹತ್ತಿರ ಮಹಾರಾಷ್ಟ್ರ ಮುಗಿಯಿತು. ನನಗೆ ಕೆಲಸ ಕೊಟ್ಟಿರುವ ರಾಜ್ಯ ಶುರುವಾದದ್ದು ಹೀಗೆ, ಒಂದು ಘಾಟಿನ ತಿರುವಿನಲ್ಲಿ, ಕುಂಕುಮ ಮಾರುವ ಅಂಗಡಿಗಳ ನಡುವೆ. ಇವರು ಕೈಮುಗಿದು, "ಇನ್ನ ಇದು ನಮ್ಮ ರಾಜ್ಯ" ಎಂದರು. ಸೇಂಧವಾದ ಸಂತೆಗೆ ಬಂದಿದ್ದ ಭಿಲ್ ಮತ್ತು ಬರೇಲಾ ಹೆಂಗಸರ ಕಾಲಿನ ಬೆಳ್ಳಿಯ ಕಡಗಗಳು ನಮ್ಮ ಕಡೆಯ ಲಂಬಾಣಿ ಅಜ್ಜಿಯರನ್ನು ನೆನಪಿಗೆ ತಂದವು.

ಖಲಘಾಟಿನಲ್ಲಿ ನರ್ಮದೆ ಬಂದಳು. ದಾಟಿ ಬಂದ ನದಿಗಳಲ್ಲಿ ತುಂಬಿ ಹರಿಯುತ್ತಿದ್ದವಳು ಈಕೆಯೊಬ್ಬಳೇ. ಇಮ್ಮಡಿ ಪುಲಿಕೇಶಿಯು ಉತ್ತರದ ಹರ್ಷನನ್ನು ತಡೆದು ನಿಲ್ಲಿಸಿದ ಎಲ್ಲೆ ಇದು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹಾಡಿದ್ದು ಈ ಗೆಲುವನ್ನೇ. ಸಂಜೆಗೆ ಮಹೇಶ್ವರದ ಘಾಟಿನ ಮೆಟ್ಟಿಲುಗಳ ಮೇಲೆ ಕುಳಿತಾಗ ಪರಿಕ್ರಮೆಯವರು ಬಂದು ಇಳಿದುಕೊಂಡರು. ಚಾತುರ್ಮಾಸ ಮುಗಿದು ಕಾರ್ತಿಕ ಏಕಾದಶಿ ಕಳೆದ ಮೇಲೆ ಹೊರಡುವ ಈ ಯಾತ್ರಿಕರು ನದಿಯನ್ನು ಸದಾ ಬಲಕ್ಕಿಟ್ಟುಕೊಂಡು, ಎಲ್ಲಿಯೂ ದಾಟದೆ, ಸಮುದ್ರದ ಬಳಿ ಮಾತ್ರ ದಡ ಬದಲಿಸಿ ಪೂರ್ತಿ ಸುತ್ತುತ್ತಾರೆ. ಸೇತುವೆಗಳನ್ನು ಪ್ರೀತಿಸುವ ನಮ್ಮ ಯಜಮಾನರಿಗೆ, ಒಂದು ಸೇತುವೆಯನ್ನೂ ಬಳಸದೆ ಸಾವಿರಾರು ಕಿಲೋಮೀಟರ್ ನಡೆಯುವ ವ್ರತ ಬಹಳ ಯೋಚನೆಗೆ ಹಚ್ಚಿತು. ಒಬ್ಬ ಮುದುಕರ ಜೊತೆ ತಡರಾತ್ರಿಯವರೆಗೆ ಹರಕುಮುರುಕು ಹಿಂದಿಯಲ್ಲಿ ಮಾತನಾಡುತ್ತ ಕುಳಿತಿದ್ದರು.

ಮಹೇಶ್ವರವು 1767ರಿಂದ 1795ರವರೆಗೆ ಆಳಿದ ಅಹಲ್ಯಾಬಾಯಿ ಹೋಳ್ಕರರ ರಾಜಧಾನಿ. ಆಕೆ ಹುಟ್ಟಿದ ಚೌಂಡಿ ಇರುವುದು ನಾವು ಮಂಗಳವಾರ ಹಾದು ಬಂದ ಬೀಡದ ನೆರೆಯ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯಲ್ಲಿ. ಸೊಸೆಯಾಗಿ ಮಾಳವಕ್ಕೆ ಬಂದು, ಗಂಡ, ಮಾವ, ಮಗ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಹೊರಗಿನವಳೆಂಬ ಮಾತಿಗೆ ಎಡೆಯಿಲ್ಲದಂತೆ ಆಳಿದಳು. ಬೇರೆ ಬೇರೆ ಊರುಗಳಿಂದ ನೇಕಾರರನ್ನು ಕರೆಸಿ ಇಲ್ಲಿ ನೆಲೆಗೊಳಿಸಿದಳು. ಮಹೇಶ್ವರಿ ಸೀರೆ ಹುಟ್ಟಿದ್ದು ಆ ವಲಸೆಗಾರರ ಮಗ್ಗಗಳಲ್ಲಿ. ನಾನು ಉಟ್ಟಿದ್ದ ಇಳಕಲ್ಲಿನ ಸೆರಗನ್ನು ಒಬ್ಬ ನೇಕಾರ ಮಹಿಳೆ ಕೈಯಲ್ಲಿ ಹಿಡಿದು, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ್ದನ್ನು ಬೆರಳಿನಿಂದಲೇ ಗುರುತಿಸಿದಳು. ತನ್ನ ಸೀರೆಯ ಅಂಚು ಎರಡೂ ಬದಿಗೆ ಒಂದೇ ರೀತಿ ಕಾಣುವುದನ್ನು ಹೆಮ್ಮೆಯಿಂದ ತಿರುಗಿಸಿ ತೋರಿಸಿದಳು. ಹೊಸ ಕಚೇರಿಯ ಮೊದಲ ದಿನಕ್ಕೆಂದು ಅವಳ ಮಗ್ಗದಿಂದ ಒಂದು ಸೀರೆ ಕೊಂಡೆ.

ಶನಿವಾರ: ಮಹೇಶ್ವರ – ದೇವಾಸ

ಮಾನಪುರ ಘಾಟಿನಲ್ಲಿ ವಿಂಧ್ಯವನ್ನು ಹತ್ತಿದರೆ ಮಾಳವ. ಗೋಧಿ ಮತ್ತು ಕಡಲೆ ಬಿತ್ತಿದ ಕಪ್ಪು ಹೊಲಗಳು ಕಂಡಾಗ ನವಲಗುಂದವೇ ತಿರುಗಿ ಬಂದಂತಾಯಿತು. ಅಂಬೇಡ್ಕರರು ಹುಟ್ಟಿದ ಮಹೂ ದಾಟಿ, ಇಂದೂರಿನಲ್ಲಿ ಜೀರಾವನ್ ಪುಡಿ ಉದುರಿಸಿದ ಅವಲಕ್ಕಿ ಮತ್ತು ಜಿಲೇಬಿ ತಿಂದೆವು. ಅವಲಕ್ಕಿಯನ್ನು ಹಬೆಯಲ್ಲೇ ಮೆತ್ತಗಿಡುವ ಇಲ್ಲಿನ ವಿಧಾನ ನಮ್ಮ ಒಗ್ಗರಣೆ ಅವಲಕ್ಕಿಗಿಂತ ಮೃದು, ಅದನ್ನು ಒಪ್ಪಲೇಬೇಕು. ಅಲ್ಲಿಂದ ದೇವಾಸ ಸುಮಾರು 35 ಕಿಲೋಮೀಟರ್.

ಊರಿಗೆ ಮೊದಲು ಕಾಣುವುದು ಗುಡ್ಡ, ಇಲ್ಲಿಯವರ ಮಾತಿನಲ್ಲಿ ಟೇಕ್ರಿ. ಅದರ ಮೇಲೆ ದೊಡ್ಡ ತಾಯಿ ತುಳಜಾ ಭವಾನಿ, ಚಿಕ್ಕ ತಾಯಿ ಚಾಮುಂಡಾ. ಜನ ಇವರನ್ನು ಅಕ್ಕತಂಗಿಯರೆನ್ನುತ್ತಾರೆ. ಸಾಮಾನಿನ ಲಾರಿ ಇನ್ನೂ ಬಂದಿರಲಿಲ್ಲ. ಬಾಡಿಗೆ ಮನೆಯ ಖಾಲಿ ಪಡಸಾಲೆಯಲ್ಲಿ ತಂಬೂರಿಯನ್ನು ಗೋಡೆಗೆ ಒರಗಿಸಿ, ತುಳಸಿಯನ್ನು ಅಂಗಳದಲ್ಲಿಟ್ಟು, ಸಂಜೆ ಟೇಕ್ರಿ ಹತ್ತಿದೆವು. ಇಳಿದು ಬರುವಾಗ ಕೆಳಗಿನ ಬೀದಿಯಲ್ಲಿ ಭಾನುಕುಲ ಎಂಬ ಮನೆಯ ಮುಂದೆ ನಿಂತೆವು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ, ಲೋಕಕ್ಕೆ ಕುಮಾರ ಗಂಧರ್ವ, ಕ್ಷಯರೋಗ ತಗುಲಿದಾಗ ಒಣಹವೆಯ ಊರು ಬೇಕೆಂದು 1948ರಲ್ಲಿ ಹೆಂಡತಿ ಭಾನುಮತಿಯವರೊಡನೆ ದೇವಾಸಕ್ಕೆ ಬಂದರು. ಹಾಡಲೇಕೂಡದೆಂದು ವೈದ್ಯರು ಕಟ್ಟುನಿಟ್ಟು ಮಾಡಿದ್ದರು. ಭಾನುಮತಿಯವರು ಶಾಲೆಯಲ್ಲಿ ಕೆಲಸ ಮಾಡಿ ಸಂಸಾರ ನಡೆಸಿದರು, ಗಂಡನ ಶುಶ್ರೂಷೆ ಮಾಡಿದರು. ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಬೀದಿಯಲ್ಲಿ ಕೇಳಿಬರುತ್ತಿದ್ದ ಮಾಳವಿ ಹೆಂಗಸರ ಹಾಡು, ನಾಥಪಂಥದ ಸಾಧುಗಳ ನಿರ್ಗುಣ ಭಜನೆ ಅವರ ಕಿವಿಗೆ ಇಳಿದವು. ಹೊಸ ಔಷಧಿಯಿಂದ ಗುಣವಾಗಿ ಮತ್ತೆ ಹಾಡಲು ಕುಳಿತಾಗ ಬಂದದ್ದು ಹಳೆಯ ದನಿಯಲ್ಲ, ಮಾಳವದ ಧುನ್‌ಗಳಿಂದ ಹುಟ್ಟಿದ ಹೊಸ ರಾಗಗಳು ಮತ್ತು ಕಬೀರ. 1992ರಲ್ಲಿ ತೀರಿಕೊಳ್ಳುವವರೆಗೆ ಅವರು ಈ ಊರು ಬಿಡಲಿಲ್ಲ. ಧಾರವಾಡದಲ್ಲಿ ಅವರ ಗಾಯನದ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೆ. ಹೆಂಡತಿಯ ಸಂಬಳದ ಮೇಲೆ ಪರವೂರಿನಲ್ಲಿ ನಿಂತ ಒಬ್ಬ ಕನ್ನಡಿಗನ ಸಂಸಾರವನ್ನು ಮಾತ್ರ ಯಾರೂ ಎತ್ತಿ ಹೇಳಿರಲಿಲ್ಲ. ಆ ಸಂಬಳವಿಲ್ಲದೆ ಆ ಸಂಗೀತವಿಲ್ಲ ಎಂದೇ ನನ್ನ ನಂಬಿಕೆ.

ನಂತರದ ದಿನಗಳು

ಲಾರಿ ಹೇಳಿದ ದಿನಕ್ಕೆ ಬರಲಿಲ್ಲ. ಬಂದಾಗ ಬೀಸುವ ಕಲ್ಲಿನ ಮೇಲಿನ ಹೋಳು ಒಡೆದಿತ್ತು, ಪಟ್ಟಿ ಇದ್ದುದರಿಂದ ವಿಮೆಗೆ ಬರೆದುಕೊಳ್ಳಲು ತೊಂದರೆಯಾಗಲಿಲ್ಲ. ಬೇರೆ ರಾಜ್ಯಕ್ಕೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಆ ಪಟ್ಟಿಯದೇ. ಅನಿಲದ ಚೀಟಿ ತೋರಿಸಿ ಹೊಸ ಸಂಪರ್ಕ ಪಡೆದೆವು, ಮತದಾರರ ಪಟ್ಟಿಗೆ ನಮೂನೆ 8ರಲ್ಲಿ ಅರ್ಜಿ ಹಾಕಿದೆವು.

ನೀರಿನ ವಿಷಯದಲ್ಲಿ ಧಾರವಾಡದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ದೇವಾಸವು ಒಂದು ಕಾಲದಲ್ಲಿ ರೈಲಿನಲ್ಲಿ ನೀರು ತರಿಸಿಕೊಂಡ ಊರು. ಬತ್ತಿದ ಕೊಳವೆಬಾವಿಗಳಿಂದ ಕಂಗೆಟ್ಟ ಸುತ್ತಲಿನ ರೈತರು ಹೊಲಗಳಲ್ಲಿ ದೊಡ್ಡ ಹೊಂಡಗಳನ್ನು ತೋಡಿ ಮಳೆನೀರು ಹಿಡಿಯತೊಡಗಿದ ಮೇಲೆ ಈ ಜಿಲ್ಲೆಗೆ ಬೇರೆ ಜಿಲ್ಲೆಗಳವರು ನೋಡಲು ಬರುವಂತಾಯಿತು. ನನ್ನ ಶಾಖೆಯ ಸಾಲಗಾರರಲ್ಲಿ ಹೊಂಡವುಳ್ಳವರೂ ಇದ್ದಾರೆ, ಹೊಸದಾಗಿ ತೋಡಿಸಬೇಕೆಂದು ಅರ್ಜಿ ಹಿಡಿದು ಬಂದವರೂ ಇದ್ದಾರೆ. ನವಲಗುಂದದ ಕೃಷಿಹೊಂಡಗಳ ಲೆಕ್ಕ ನೋಡಿದ ನನಗೆ ಅವರ ಪ್ರಶ್ನೆಗಳು ಹೊಸವಲ್ಲ, ಮಾಳವಿಯ ಉಚ್ಚಾರ ಮಾತ್ರ ಹೊಸದು. ಮಹೇಶ್ವರಿ ಸೀರೆ ಉಟ್ಟು ಹೋದ ಮೊದಲ ಸೋಮವಾರ ಒಬ್ಬ ರೈತರು ನನ್ನನ್ನು ಬಾಯಿಸಾಹೇಬ ಎಂದು ಕರೆದು, ಯಾವ ಊರಿನವರೆಂದು ಕೇಳಿದರು; ಕುಮಾರ್‌ಜಿಯವರ ಕಡೆಯವಳು ಎಂದೆ. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಉಳಿದಿರುವುದು ಕಾರಿನ ಕೆಲಸ. ಬೇರೆ ರಾಜ್ಯಕ್ಕೆ ಬಂದ ವಾಹನಕ್ಕೆ 12 ತಿಂಗಳೊಳಗೆ ಅಲ್ಲಿನ ನೋಂದಣಿ ಮಾಡಿಸಬೇಕು. ಇಲ್ಲಿ ತೆರಿಗೆ ಕಟ್ಟಿದ ರಸೀದಿ ತೋರಿಸಿದರೆ ಕರ್ನಾಟಕದಲ್ಲಿ ಮೊದಲೇ ಕಟ್ಟಿದ್ದ ಆಜೀವ ತೆರಿಗೆಯ ಉಳಿದ ಅವಧಿಯ ಪಾಲಿಗೆ ಅರ್ಜಿ ಹಾಕಬಹುದು. ಕೆಎ 25 ಹೋಗಿ ಎಂಪಿ 41 ಬರುತ್ತದೆ. ಅದಕ್ಕೂ ಮುನ್ನ ಹೆದ್ದಾರಿಯ ಉಳಿದ ಅರ್ಧವನ್ನು, ಬ್ಯಾವರಾ, ಝಾಲಾವಾಡ, ಕೋಟಾ, ಬೂಂದಿಯ ಮೇಲೆ ಸಂಗರೂರಿನವರೆಗೆ, ಕಾರಿನ ಹಳೆಯ ಸಂಖ್ಯೆಯ ಮೇಲೆಯೇ ಮುಗಿಸಬೇಕೆಂದು ಇವರ ಆಸೆ. ಚಂಬಲ್ ನದಿಯ ಸೇತುವೆಗಳ ಬಗ್ಗೆ ಈಗಾಗಲೇ ಓದಲು ಶುರು ಮಾಡಿದ್ದಾರೆ. ಶಿವರಾತ್ರಿಯ ಹೊತ್ತಿಗೆ ನನಗೆ ರಜೆ ಸಿಗಬಹುದು.